ತೂಕದ ಲೆಕ್ಕ, ಎಣಿಕೆಯ ಲೆಕ್ಕ: ಸುಣ್ಣ, ಗಂಧಕ, ಮೈಲುತುತ್ತದ ರಸಾಯನ

ಶುದ್ಧವಾದ ಸುಣ್ಣದ ಕಲ್ಲನ್ನು 100 ಕಿಲೋ ತೂಗಿ ಭಟ್ಟಿಗೆ ಹಾಕಿ, ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪೂರ್ತಿ ಬೇಯಿಸಿದರೆ ಕೈಗೆ ಸಿಗುವುದು 56 ಕಿಲೋ ಸುಟ್ಟ ಸುಣ್ಣ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಭಟ್ಟಿಯ ಬಾಯಿಂದ ಗಾಳಿಗೆ ಸೇರಿರುತ್ತದೆ. ಉರುವಲು ಕಟ್ಟಿಗೆಯಾಗಲಿ ಕಲ್ಲಿದ್ದಲಾಗಲಿ, ಭಟ್ಟಿ ಹಳೆಯದಾಗಲಿ ಹೊಸದಾಗಲಿ, ಕಲ್ಲು ಶುದ್ಧವಾಗಿದ್ದು ಪೂರ್ತಿ ಬೆಂದಿದ್ದರೆ 56 ಮತ್ತು 44ರ ಈ ಪಾಲು ಬದಲಾಗುವುದಿಲ್ಲ. ವಿಜಯಪುರ ಜಿಲ್ಲೆಯಲ್ಲಿ ಇದಕ್ಕೆ ಕಲ್ಲು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿದ್ದು ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿರುವ ತಾಳಿಕೋಟಿಯ ಸುತ್ತ ಭೀಮಾ ಶಿಲಾಸಮೂಹದ ಸುಣ್ಣಕಲ್ಲು ಪದರು ಪದರಾಗಿ ಹಾಸಿಕೊಂಡಿದೆ. ಮನೆಯ ನೆಲಕ್ಕೆ ಹಾಸುವ ಪರ್ಸಿ ಕಲ್ಲು ಅದೇ.

ಯಾವ ಪದಾರ್ಥ ಎಷ್ಟು ಹಾಕಿದರೆ ಯಾವುದು ಎಷ್ಟು ಹುಟ್ಟುತ್ತದೆ ಎಂಬುದನ್ನು ಬೆಂಕಿ ಹಚ್ಚುವ ಮೊದಲೇ ಕಾಗದದ ಮೇಲೆ ಹೇಳಿಬಿಡುವ ಲೆಕ್ಕಕ್ಕೆ ಸ್ಟಾಯ್ಕಿಯೋಮೆಟ್ರಿ ಎಂದು ಹೆಸರು. ಜರ್ಮನಿಯ ಜೆರೆಮಿಯಾಸ್ ಬೆಂಜಮಿನ್ ರಿಕ್ಟರ್ 1792ರಲ್ಲಿ ಈ ಹೆಸರನ್ನು ಬಳಕೆಗೆ ತಂದ. ಹೆಸರು ನಾಲಿಗೆಗೆ ಕಷ್ಟ, ಲೆಕ್ಕ ಮಾತ್ರ ತ್ರೈರಾಶಿಗಿಂತ ಮುಂದೆ ಹೋಗುವುದಿಲ್ಲ. ಗುಣಾಕಾರ ಭಾಗಾಕಾರ ಬಲ್ಲವರು ಇದರಲ್ಲಿ ಎಡವುವುದು ಗಣಿತದಲ್ಲಿ ಅಲ್ಲ. ಯಾವುದನ್ನು ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿ.

ಈ ಲೆಕ್ಕದ ಬುನಾದಿ ರಾಶಿ ಸಂರಕ್ಷಣಾ ನಿಯಮ. ಕ್ರಿಯೆಗೆ ಮೊದಲು ಇದ್ದ ಒಟ್ಟು ತೂಕವೂ ಕ್ರಿಯೆ ಮುಗಿದ ಮೇಲಿನ ಒಟ್ಟು ತೂಕವೂ ಒಂದೇ. ಇಂದು ಹತ್ತನೇ ತರಗತಿಯ ಹುಡುಗರಿಗೂ ಗೊತ್ತಿರುವ ಈ ಮಾತನ್ನು ಒಪ್ಪಿಕೊಳ್ಳಲು ಯುರೋಪಿನ ವಿದ್ವಾಂಸರಿಗೆ ಬಹಳ ಕಾಲ ಹಿಡಿಯಿತು. ಕಾರಣ, ಅನಿಲ ಕಣ್ಣಿಗೆ ಬೀಳುವುದಿಲ್ಲ, ತಕ್ಕಡಿಗೆ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ 1756ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಸುಣ್ಣಕಲ್ಲು, ಮೆಗ್ನೀಷಿಯಾಗಳನ್ನು ಸುಡುವ ಮೊದಲೂ ಸುಟ್ಟ ಮೇಲೂ ತೂಗಿ ನೋಡಿದ. ಕಡಿಮೆಯಾದ ತೂಕ ಕಲ್ಲಿನೊಳಗೆ ಸೆರೆಯಾಗಿದ್ದ ಒಂದು ಬಗೆಯ ಗಾಳಿಯದು ಎಂದು ತೋರಿಸಿದ. ಆ ಗಾಳಿಯೇ ಇಂಗಾಲದ ಡೈಆಕ್ಸೈಡ್. ಫ್ರಾನ್ಸಿನ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ ಈ ತಕ್ಕಡಿಯ ಶಿಸ್ತನ್ನು ಇಡೀ ರಸಾಯನಶಾಸ್ತ್ರಕ್ಕೆ ವಿಸ್ತರಿಸಿದ.

ತೂಕ ಏಕೆ ಉಳಿಯುತ್ತದೆ ಎಂಬುದಕ್ಕೆ ಉತ್ತರ ಪರಮಾಣುವಿನಲ್ಲಿದೆ. ರಾಸಾಯನಿಕ ಕ್ರಿಯೆಯಲ್ಲಿ ಹೊಸ ಪರಮಾಣು ಹುಟ್ಟುವುದಿಲ್ಲ, ಇದ್ದದ್ದು ಅಳಿಯುವುದೂ ಇಲ್ಲ. ಜೊತೆ ಬಿಟ್ಟು ಬೇರೆ ಜೊತೆ ಕಟ್ಟಿಕೊಳ್ಳುತ್ತವೆ, ಅಷ್ಟೆ. ಸುಣ್ಣಕಲ್ಲಿನ ಒಂದು ಘಟಕದಲ್ಲಿ ಒಂದು ಕ್ಯಾಲ್ಸಿಯಂ, ಒಂದು ಇಂಗಾಲ, ಮೂರು ಆಮ್ಲಜನಕ ಪರಮಾಣುಗಳಿವೆ. ಸುಟ್ಟಾಗ ಕ್ಯಾಲ್ಸಿಯಂ ಒಂದು ಆಮ್ಲಜನಕವನ್ನು ಇಟ್ಟುಕೊಂಡು ಸುಟ್ಟ ಸುಣ್ಣವಾಗುತ್ತದೆ. ಇಂಗಾಲ ಉಳಿದೆರಡನ್ನು ಕಟ್ಟಿಕೊಂಡು ಹಾರಿಹೋಗುತ್ತದೆ.

1 ಕ್ಯಾಲ್ಸಿಯಂ ಕಾರ್ಬೋನೇಟ್ → 1 ಕ್ಯಾಲ್ಸಿಯಂ ಆಕ್ಸೈಡ್ + 1 ಇಂಗಾಲದ ಡೈಆಕ್ಸೈಡ್

ಬಾಣದ ಎಡಕ್ಕೆ ಐದು ಪರಮಾಣು, ಬಲಕ್ಕೂ ಐದು. ಈ ಸಮೀಕರಣ ಬರೆದ ಕೂಡಲೇ ಸರಿದೂಗಿರುತ್ತದೆ. ಎಲ್ಲ ಕ್ರಿಯೆಗಳೂ ಇಷ್ಟು ಸುಲಭವಾಗಿ ಒಗ್ಗುವುದಿಲ್ಲ. ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಬ್ಯೂಟೇನನ್ನು ತೆಗೆದುಕೊಂಡರೆ, ಅದರ ಒಂದು ಅಣುವಿನಲ್ಲಿ 4 ಇಂಗಾಲ, 10 ಜಲಜನಕ. ಅದು ಗಾಳಿಯ ಆಮ್ಲಜನಕದೊಡನೆ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಆಗುತ್ತದೆ. ಮೊದಲು ಇಂಗಾಲ ನೋಡಬೇಕು: ಎಡಕ್ಕೆ 4 ಇದೆ, ಹಾಗಾದರೆ ಬಲಕ್ಕೆ 4 ಇಂಗಾಲದ ಡೈಆಕ್ಸೈಡ್. ನಂತರ ಜಲಜನಕ: ಎಡಕ್ಕೆ 10, ಒಂದು ನೀರಿನ ಅಣುವಿಗೆ ಎರಡರಂತೆ 5 ನೀರು. ಈಗ ಬಲಗಡೆಯ ಆಮ್ಲಜನಕ ಎಣಿಸಿದರೆ ಡೈಆಕ್ಸೈಡಿನಲ್ಲಿ 8, ನೀರಿನಲ್ಲಿ 5, ಒಟ್ಟು 13. ಆದರೆ ಗಾಳಿಯ ಆಮ್ಲಜನಕ ಬರುವುದು ಎರಡೆರಡರ ಜೋಡಿಯಾಗಿ. 13 ಬೇಕೆಂದರೆ ಆರೂವರೆ ಜೋಡಿ ಬೇಕು. ಅರ್ಧ ಅಣು ಎಂಬುದು ಇಲ್ಲವಾದ್ದರಿಂದ ಎಲ್ಲವನ್ನೂ ಎರಡರಿಂದ ಗುಣಿಸಿದರೆ ಲೆಕ್ಕ ಮುಗಿಯಿತು.

2 ಬ್ಯೂಟೇನ್ + 13 ಆಮ್ಲಜನಕ → 8 ಇಂಗಾಲದ ಡೈಆಕ್ಸೈಡ್ + 10 ನೀರು

ಇಲ್ಲಿ ಒಂದೇ ಒಂದು ನಿಯಮ ಮುರಿಯುವಂತಿಲ್ಲ. ಅಣುಗಳ ಮುಂದೆ ಬರೆಯುವ ಸಂಖ್ಯೆಯನ್ನು ಬದಲಿಸಬಹುದು, ಅಣುವಿನ ಒಳಗಿನ ಸಂಖ್ಯೆಯನ್ನು ಮುಟ್ಟಬಾರದು. ಆಮ್ಲಜನಕ ಒಂದು ಕಡಿಮೆ ಬಿತ್ತೆಂದು ನೀರಿನ ಅಣುವಿಗೆ ಇನ್ನೊಂದು ಆಮ್ಲಜನಕ ಸೇರಿಸಿದರೆ ಅದು ನೀರಾಗಿ ಉಳಿಯುವುದಿಲ್ಲ, ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಅಂಕ ಹೋಗುವುದು ಬಹಳಷ್ಟು ಸಲ ಇಲ್ಲಿಯೇ. ಎಲ್ಲಕ್ಕಿಂತ ಹೆಚ್ಚು ಕಡೆ ಕಾಣಿಸಿಕೊಳ್ಳುವ ಧಾತುವನ್ನು, ಸಾಮಾನ್ಯವಾಗಿ ಆಮ್ಲಜನಕವನ್ನು, ಕೊನೆಗೆ ಇಟ್ಟುಕೊಳ್ಳುವುದು ಜಾಣತನ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯವೇ ಸಮೀಕರಣ ಸರಿದೂಗಿಸುವುದು. ಅಲ್ಲಿ ಕಬ್ಬಿಣದ ಮೇಲೆ ಹಬೆ ಹಾಯಿಸುವ ಉದಾಹರಣೆಯಿದೆ. ಉದಾಹರಣೆ ಸರಿಯಾದದ್ದೇ, ಆದರೆ ಹಬೆ ಹಾಯಿಸಿದ ಕಬ್ಬಿಣವನ್ನು ಮಕ್ಕಳು ಎಲ್ಲಿ ಕಂಡಾರು? ಅದರಿಂದ ಈ ವಿದ್ಯೆ ಅಂಕಿಗಳ ಒಗಟಾಗಿ ಉಳಿದುಬಿಡುತ್ತದೆ. ತೂಕದ ಲೆಕ್ಕವಂತೂ ಪಿಯು ಮೊದಲ ವರ್ಷದಲ್ಲಿ ವಿಜ್ಞಾನ ತೆಗೆದುಕೊಂಡವರಿಗಷ್ಟೇ ವಿಸ್ತಾರವಾಗಿ ಸಿಗುತ್ತದೆ. ಅದೇ ಮಕ್ಕಳ ಮನೆಯ ಹಿತ್ತಲಲ್ಲಿ ಮೈಲುತುತ್ತ, ಸುಣ್ಣ, ಗಂಧಕ, ಯೂರಿಯಾ ಚೀಲಗಳು ಕೂತಿರುತ್ತವೆ.

ಸಮೀಕರಣದ ಸಂಖ್ಯೆಗಳು ಅಣುಗಳ ಎಣಿಕೆಯನ್ನು ಹೇಳುತ್ತವೆ, ಕಿಲೋಗಳನ್ನಲ್ಲ. ತೊಡಕು ಇರುವುದು ಇಲ್ಲಿ. ವಿಜಯಪುರ ಜಿಲ್ಲೆಯ ಇಂಡಿ ಮಾರುಕಟ್ಟೆಯಲ್ಲಿ ಲಿಂಬೆಯನ್ನು ಎಣಿಸಿ, ಸಾವಿರದ ಲೆಕ್ಕದಲ್ಲಿ ಮಾರುತ್ತಾರೆ. ದ್ರಾಕ್ಷಿಯನ್ನು ತೂಗಿ ಮಾರುತ್ತಾರೆ. ನಿಸರ್ಗ ಅಣುಗಳ ವ್ಯವಹಾರ ಮಾಡುವುದು ಲಿಂಬೆಯ ರೀತಿಯಲ್ಲಿ, ಮನುಷ್ಯ ರಾಸಾಯನಿಕ ಕೊಳ್ಳುವುದು ದ್ರಾಕ್ಷಿಯ ರೀತಿಯಲ್ಲಿ. ಒಂದು ಲೆಕ್ಕದಿಂದ ಇನ್ನೊಂದಕ್ಕೆ ದಾಟಬೇಕಾದರೆ ಒಂದು ಕಟ್ಟು ಬೇಕು. ಆ ಕಟ್ಟಿನ ಹೆಸರು ಮೋಲ್. ಒಂದು ಮೋಲ್ ಎಂದರೆ 602214076ರ ಮುಂದೆ 15 ಸೊನ್ನೆ ಇಟ್ಟರೆ ಬರುವಷ್ಟು ಕಣಗಳು. ಇಟಲಿಯ ಅವೊಗಾಡ್ರೊನ ಹೆಸರಿನ ಈ ಸಂಖ್ಯೆಯನ್ನು 2019ರ ಮೇ 20ರಿಂದ ಅಂತರರಾಷ್ಟ್ರೀಯ ಮಾನಕಗಳಲ್ಲಿ ಹೀಗೆಯೇ ಸ್ಥಿರಪಡಿಸಲಾಗಿದೆ.

ಇಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಎಣಿಸಬೇಕಾಗಿಲ್ಲ. ಯಾವುದೇ ಪದಾರ್ಥದ ಅಣುವಿನಲ್ಲಿರುವ ಪರಮಾಣುಗಳ ತೂಕಗಳನ್ನು ಕೂಡಿದರೆ ಬರುವ ಅಂಕಿಯಷ್ಟು ಗ್ರಾಂ ತೂಗಿದರೆ ಅದೇ ಒಂದು ಮೋಲ್. ಜಲಜನಕ 1, ಇಂಗಾಲ 12, ಸಾರಜನಕ 14, ಆಮ್ಲಜನಕ 16, ಗಂಧಕ 32, ಕ್ಯಾಲ್ಸಿಯಂ 40, ತಾಮ್ರ 63.5. ಸುಣ್ಣಕಲ್ಲಿಗೆ 40, 12 ಮತ್ತು ಮೂರು ಸಲ 16 ಕೂಡಿಸಿದರೆ 100. ಸುಟ್ಟ ಸುಣ್ಣಕ್ಕೆ 40 ಮತ್ತು 16, ಒಟ್ಟು 56. ಮೊದಲು ಹೇಳಿದ ಭಟ್ಟಿಯ ಅಂಕಿಗಳು ಬಂದದ್ದು ಇಲ್ಲಿಂದ. ಕಲ್ಲಿನಲ್ಲಿ ಮಣ್ಣು, ಮರಳು ಬೆರೆತು ಶೇ 90ರಷ್ಟು ಮಾತ್ರ ಕ್ಯಾಲ್ಸಿಯಂ ಕಾರ್ಬೋನೇಟ್ ಇದ್ದರೆ, ಒಂದು ಟನ್ ಕಲ್ಲಿನಿಂದ 560 ಕಿಲೋ ಬದಲು 504 ಕಿಲೋ ಸುಣ್ಣ. ಅದರ ಜೊತೆಗೆ ಕೆಲಸಕ್ಕೆ ಬಾರದ 100 ಕಿಲೋ ಕಸ.

ಅಡುಗೆ ಮನೆಯ ಸಿಲಿಂಡರಿಗೂ ಇದೇ ಲೆಕ್ಕ ಹಾಕಬಹುದು. ಅದರಲ್ಲಿರುವ 14.2 ಕಿಲೋ ಅನಿಲವೆಲ್ಲ ಬ್ಯೂಟೇನ್ ಎಂದೇ ಇಟ್ಟುಕೊಂಡರೆ, ಪೂರ್ತಿ ಉರಿಯಲು ಅದು ಗಾಳಿಯಿಂದ ಸುಮಾರು 50.9 ಕಿಲೋ ಆಮ್ಲಜನಕ ಎಳೆದುಕೊಳ್ಳುತ್ತದೆ. ಕೊನೆಗೆ ಹುಟ್ಟುವುದು 43.1 ಕಿಲೋ ಇಂಗಾಲದ ಡೈಆಕ್ಸೈಡ್, 22 ಕಿಲೋ ನೀರಾವಿ. ಎರಡೂ ಬದಿಗೆ 65.1 ಕಿಲೋ. ಕಿಟಕಿ ಮುಚ್ಚಿದ ಅಡುಗೆ ಮನೆಯಲ್ಲಿ ಒಲೆ ಉರಿಸಬಾರದು ಎನ್ನುವುದರ ಹಿಂದೆ ಇರುವುದು ಈ 50.9.

ಯೂರಿಯಾ ಚೀಲದ ಮೇಲೆ ಅಚ್ಚಾಗಿರುವ ಶೇ 46 ಎಂಬ ಅಂಕಿಯೂ ಇದೇ ಬಗೆಯದು. ಯೂರಿಯಾದ ಒಂದು ಮೋಲ್ 60 ಗ್ರಾಂ, ಅದರಲ್ಲಿ ಎರಡು ಸಾರಜನಕ, ಅಂದರೆ 28 ಗ್ರಾಂ. 28ನ್ನು 60ರಿಂದ ಭಾಗಿಸಿದರೆ ಶೇ 46.7. ಅಲ್ಪಸ್ವಲ್ಪ ತೇವ, ಕಲ್ಮಶ ಬಿಟ್ಟು 46 ಎಂದು ಬರೆಯುತ್ತಾರೆ. 45 ಕಿಲೋ ಚೀಲ ಹೊಲಕ್ಕೆ ಚೆಲ್ಲಿದರೆ ಹೊಲಕ್ಕೆ ಬಿದ್ದ ಸಾರಜನಕ 20.7 ಕಿಲೋ.

ಇಷ್ಟರ ಮೇಲೆ ದ್ರಾಕ್ಷಿ ತೋಟಕ್ಕೆ ಬರಬಹುದು. ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಬೋರ್ಡೋ ದ್ರಾವಣ ಹೊಸದಲ್ಲ. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ರೈತರು ‘ಡೌನಿ’ ಎನ್ನುವ ಬೂಜು ತುಪ್ಪಟ ರೋಗಕ್ಕೆ ದ್ರಾಕ್ಷಿಯಲ್ಲಿ, ಕಜ್ಜಿ ರೋಗಕ್ಕೆ ಲಿಂಬೆಯಲ್ಲಿ ಇದನ್ನು ಸಿಂಪಡಿಸುತ್ತಾರೆ. ಇದರ ಹುಟ್ಟು ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ. ಅಲ್ಲಿನ ಮೆಡಾಕ್ ಎಂಬಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುವ ರೂಢಿಯಿತ್ತು. ನೀಲಿ ಬಣ್ಣ ಕಂಡರೆ ಯಾರೂ ಬಾಯಿಗಿಡುವುದಿಲ್ಲ. 1882ರಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದ್ದೇನೆಂದರೆ, ಒಳಗಿನ ಬಳ್ಳಿಗಳ ಎಲೆ ರೋಗದಿಂದ ಉದುರಿದ್ದರೂ ದಾರಿ ಬದಿಯವು ಹಸಿರಾಗಿದ್ದವು. ರಸಾಯನಶಾಸ್ತ್ರಜ್ಞ ಗೇಯೋನನ ನೆರವು ಪಡೆದು ಪ್ರಯೋಗ ನಡೆಸಿ, 1885ರಲ್ಲಿ ಅದನ್ನು ಪ್ರಕಟಿಸಿದ. ಕರ್ನಾಟಕದಲ್ಲಿ ಇದಕ್ಕೆ ಹೆಸರು ತಂದದ್ದು ಮಲೆನಾಡಿನ ಅಡಿಕೆ. 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ವಿರುದ್ಧ ಇದರ ಬಳಕೆಯನ್ನು ಬೆಳೆಸಿದರು.

ಈಗ 1 ಕಿಲೋಗೆ 1 ಕಿಲೋ ಎಂಬ ಅಳತೆಯನ್ನು ಪರೀಕ್ಷಿಸೋಣ. ಮೈಲುತುತ್ತದ ನೀಲಿ ಹರಳಿನಲ್ಲಿ ತಾಮ್ರದ ಸಲ್ಫೇಟಿನ ಪ್ರತಿ ಘಟಕಕ್ಕೂ ಐದು ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಅದನ್ನೂ ಕೂಡಿದರೆ ಒಂದು ಮೋಲ್ ತೂಕ ಸುಮಾರು 249.5 ಗ್ರಾಂ. ಹಾಗಾದರೆ 1 ಕಿಲೋ ಎಂದರೆ ಸರಿಸುಮಾರು 4 ಮೋಲ್. ನೀರಿಗೆ ಹಾಕಿದ ಸುಟ್ಟ ಸುಣ್ಣ ಕುದಿದು ಅರಳಿದ ಸುಣ್ಣವಾಗುತ್ತದೆ. ಇದರ ಒಂದು ಮೋಲ್ 74 ಗ್ರಾಂ. ಎರಡೂ ಸೇರಿದಾಗ ನಡೆಯುವ ಮುಖ್ಯ ಕ್ರಿಯೆಯನ್ನು ಸರಳವಾಗಿ ಹೀಗೆ ಬರೆಯಬಹುದು.

1 ತಾಮ್ರದ ಸಲ್ಫೇಟ್ + 1 ಅರಳಿದ ಸುಣ್ಣ → 1 ತಾಮ್ರದ ಹೈಡ್ರಾಕ್ಸೈಡ್ + 1 ಕ್ಯಾಲ್ಸಿಯಂ ಸಲ್ಫೇಟ್

ಒಂದಕ್ಕೆ ಒಂದು. 4 ಮೋಲ್ ಮೈಲುತುತ್ತಕ್ಕೆ 4 ಮೋಲ್ ಅರಳಿದ ಸುಣ್ಣ ಸಾಕು. ಅದು 296 ಗ್ರಾಂ. ಸುಟ್ಟ ಸುಣ್ಣವನ್ನೇ ತೂಗುವುದಾದರೆ 224 ಗ್ರಾಂ. ವಾಸ್ತವದಲ್ಲಿ ಸುಣ್ಣ ಕಡಿಮೆ ಇದ್ದಾಗ ತಾಮ್ರದ ಒಂದು ಭಾಗ ಸಲ್ಫೇಟನ್ನು ಪೂರ್ತಿ ಬಿಡದೆ ಬೇರೊಂದು ರೂಪದಲ್ಲಿ ಗಸಿಯಾಗುವುದರಿಂದ ಇನ್ನೂ ಕಡಿಮೆ ಸುಣ್ಣದಲ್ಲೇ ತಾಮ್ರವೆಲ್ಲ ತಳಕ್ಕಿಳಿಯಬಲ್ಲದು. ಹಾಗಿದ್ದೂ ಶಿಫಾರಸು ಇರುವುದು 1 ಕಿಲೋಗೆ, ಅಂದರೆ ಸುಟ್ಟ ಸುಣ್ಣದ ಅಗತ್ಯದ ನಾಲ್ಕು ಪಟ್ಟಿಗೂ ಹೆಚ್ಚು. ಉಳಿದ ಮುಕ್ಕಾಲು ಕಿಲೋ ವ್ಯರ್ಥವೇ?

ವ್ಯರ್ಥವಲ್ಲ. ಸುಣ್ಣ ಭಟ್ಟಿಯಿಂದ ಬಂದ ದಿನದಿಂದಲೇ ಗಾಳಿಯ ತೇವ ಹೀರಿ ಅರಳತೊಡಗುತ್ತದೆ, ನಂತರ ಇಂಗಾಲದ ಡೈಆಕ್ಸೈಡ್ ಹಿಡಿದು ಮತ್ತೆ ಕಲ್ಲಿನ ರಾಸಾಯನಿಕಕ್ಕೇ ಮರಳುತ್ತದೆ. 74 ಗ್ರಾಂ ಅರಳಿದ ಸುಣ್ಣ 44 ಗ್ರಾಂ ಅನಿಲ ಹೀರಿ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ, 18 ಗ್ರಾಂ ನೀರು ಹೊರಬೀಳುತ್ತದೆ. ವಿಜಯಪುರದ ಆದಿಲಶಾಹಿ ಕಟ್ಟಡಗಳ ಗಾರೆ ಗಟ್ಟಿಯಾದದ್ದು ಇದೇ ಕ್ರಿಯೆಯಿಂದ. ಗೋಡೆಗೆ ವರವಾದ ಈ ಗುಣ ಬೋರ್ಡೋ ದ್ರಾವಣಕ್ಕೆ ಶಾಪ, ಏಕೆಂದರೆ ಹೀಗೆ ಕಲ್ಲಾದ ಸುಣ್ಣಕ್ಕೆ ಮೈಲುತುತ್ತದ ಹುಳಿಯನ್ನು ತಕ್ಷಣ ಮುರಿಯುವ ಶಕ್ತಿ ಇರುವುದಿಲ್ಲ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಚೀಲದ ಬಾಯಿ ತೆರೆದು ಇಟ್ಟ ಸುಣ್ಣದ ಪುಡಿಯಲ್ಲಿ ಕೆಲಸ ಮಾಡುವ ಸುಣ್ಣ ಎಷ್ಟು ಉಳಿದಿದೆ ಎಂದು ನೋಡಿದವರಾರು? ತಾಮ್ರದ ಸಲ್ಫೇಟ್ ಹಾಗೆಯೇ ಉಳಿದರೆ ಎಳೆಯ ಎಲೆ ಸುಡುತ್ತದೆ. ಸುಣ್ಣ ಹೆಚ್ಚಾದರೆ ಎಲೆಯ ಮೇಲೆ ಬಿಳಿ ಕಲೆ, ನಾಜಲ್ ಕಟ್ಟಿಕೊಳ್ಳುವ ಕಿರಿಕಿರಿ. ಎರಡು ಕೆಡುಕುಗಳಲ್ಲಿ ಸಣ್ಣದನ್ನು ಆರಿಸಿಕೊಂಡ ಅಳತೆ ಅದು.

ಇಲ್ಲಿ ಬರುವ ಪರಿಕಲ್ಪನೆಗೆ ಸೀಮಿತ ಪ್ರತಿವರ್ತಕ ಎನ್ನುತ್ತಾರೆ. ಎರಡು ಪದಾರ್ಥ ಕೂಡುವಾಗ ಯಾವುದು ಮೊದಲು ಮುಗಿಯುತ್ತದೋ ಅದೇ ಉತ್ಪನ್ನದ ಪ್ರಮಾಣವನ್ನು ನಿರ್ಧರಿಸುತ್ತದೆ. ಬೋರ್ಡೋ ದ್ರಾವಣದಲ್ಲಿ ಮೊದಲು ಮುಗಿಯಬೇಕಾದದ್ದು ಮೈಲುತುತ್ತ, ಬೇಕೆಂದೇ ಉಳಿಸುವುದು ಸುಣ್ಣ. ಯಾವುದು ಮುಗಿದಿದೆ ಎಂದು ತಿಳಿಯಲು ರೈತರು ಮಾಡುವ ಪರೀಕ್ಷೆ ಪ್ರಯೋಗಾಲಯದ್ದಕ್ಕೆ ಕಡಿಮೆಯಲ್ಲ. ತುಕ್ಕಿಲ್ಲದ ಕುಡಗೋಲನ್ನೋ ಚಾಕುವನ್ನೋ ದ್ರಾವಣದಲ್ಲಿ ಕೆಲ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಮೈಲುತುತ್ತ ಇನ್ನೂ ಉಳಿದಿದೆ, ಸುಣ್ಣದ ತಿಳಿ ಮತ್ತಷ್ಟು ಸೇರಿಸಬೇಕು. ಆ ಕೆಂಪು ತಾಮ್ರ ಲೋಹದ್ದೇ: ಒಂದು ಕಬ್ಬಿಣದ ಪರಮಾಣು ದ್ರಾವಣಕ್ಕಿಳಿದು ಒಂದು ತಾಮ್ರದ ಪರಮಾಣುವನ್ನು ಹೊರದಬ್ಬುತ್ತದೆ. ಕಬ್ಬಿಣದ, ತಗಡಿನ ಪಾತ್ರೆಯಲ್ಲಿ ಬೋರ್ಡೋ ತಯಾರಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಪಾತ್ರೆ ತೂತಾಗುತ್ತದೆ, ಬಳ್ಳಿಗೆ ಹೋಗಬೇಕಾದ ತಾಮ್ರ ಪಾತ್ರೆಗೆ ಅಂಟುತ್ತದೆ.

1 ಕಿಲೋ ಮೈಲುತುತ್ತದಲ್ಲಿ ತಾಮ್ರ ಸುಮಾರು 254 ಗ್ರಾಂ. ಮುಕ್ಕಾಲು ಭಾಗ ಸಲ್ಫೇಟು ಮತ್ತು ನೀರು. ತಾಮ್ರ ಆಧಾರಿತ ಬೇರೆ ಔಷಧಗಳ ಬೆಲೆಯನ್ನು ಇದರೊಡನೆ ಹೋಲಿಸುವಾಗ ಡಬ್ಬಿಯ ತೂಕವನ್ನು ನೋಡದೆ ಒಳಗಿನ ತಾಮ್ರದ ಪಾಲನ್ನು ನೋಡಬೇಕು.

ಹಣ್ಣು ಕೊಯ್ಲಾಗಿ ಒಣದ್ರಾಕ್ಷಿಯ ಶೆಡ್ಡಿಗೆ ಬಂದ ಮೇಲೆ ಗಂಧಕದ ಸರದಿ. ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ನೀರಲ್ಲಿ ಅದ್ದಿ, ಜಾಲರಿಗಳ ಮೇಲೆ ಹರಡಿ ಒಣಗಿಸಿದ ಮಣೂಕಕ್ಕೆ ಬಣ್ಣ ಉಳಿಯಲೆಂದು, ಹುಳು ಬೂಜು ತಾಗದಿರಲೆಂದು ಮುಚ್ಚಿದ ಕೋಣೆಯಲ್ಲಿ ಗಂಧಕದ ಹೊಗೆ ಕೊಡುವುದುಂಟು. ಕ್ರಿಯೆ ಸರಳ: ಒಂದು ಗಂಧಕ, ಒಂದು ಆಮ್ಲಜನಕದ ಅಣು, ಒಂದು ಗಂಧಕದ ಡೈಆಕ್ಸೈಡ್. ಗಂಧಕ 32, ಆಮ್ಲಜನಕದ ಜೋಡಿಯೂ 32. ಆದ್ದರಿಂದ 1 ಕಿಲೋ ಗಂಧಕ ಸುಟ್ಟರೆ 2 ಕಿಲೋ ಹೊಗೆ. ಅನಿಲದ ಗಾತ್ರವನ್ನೂ ಹೇಳಬಹುದು. ಸಾಮಾನ್ಯ ಉಷ್ಣತೆಯಲ್ಲಿ ಯಾವುದೇ ಅನಿಲದ ಒಂದು ಮೋಲ್ ಸುಮಾರು 24.5 ಲೀಟರ್ ಜಾಗ ಹಿಡಿಯುತ್ತದೆ. 1 ಕಿಲೋ ಗಂಧಕ 31.25 ಮೋಲ್, ಅದಕ್ಕೆ ಅಷ್ಟೇ ಮೋಲ್ ಆಮ್ಲಜನಕ, ಅಂದರೆ ಸುಮಾರು 766 ಲೀಟರ್. ಗಾಳಿಯಲ್ಲಿ ಆಮ್ಲಜನಕ ಶೇ 21 ಮಾತ್ರ ಇರುವುದರಿಂದ ಬೇಕಾಗುವ ಗಾಳಿ 3.6 ಘನ ಮೀಟರ್. ಬೆಂಕಿ ಕೊನೆಯ ಆಮ್ಲಜನಕದವರೆಗೂ ಉರಿಯುವುದಿಲ್ಲ, ಬಹಳ ಮೊದಲೇ ಉಸಿರುಗಟ್ಟಿ ಆರುತ್ತದೆ. ಸಣ್ಣ ಕೋಣೆಯಲ್ಲಿ ಹೆಚ್ಚು ಗಂಧಕ ಇಟ್ಟರೆ ಹೆಚ್ಚು ಹೊಗೆ ಬರುತ್ತದೆ ಎಂದುಕೊಳ್ಳುವುದು ತಪ್ಪು ಎಂದು ತೋರಿಸಲು ಈ ಲೆಕ್ಕ ಸಾಕು. ಅಲ್ಲಿ ಸೀಮಿತವಾದದ್ದು ಗಂಧಕವಲ್ಲ, ಗಾಳಿ. ಆರಿದ ಮೇಲೆ ಬಾಗಿಲು ತೆರೆಯುವವರ ಕಣ್ಣು ಮೂಗಿಗೆ ಈ ಅನಿಲ ಅಪಾಯಕಾರಿ ಎನ್ನುವುದಕ್ಕೆ ಲೆಕ್ಕ ಬೇಕಿಲ್ಲ.

ಸುಣ್ಣ ಮತ್ತು ಗಂಧಕ ಇನ್ನೊಂದು ಕಡೆ ಜೊತೆಯಾಗುತ್ತವೆ. ಇಂಡಿ ತಾಲ್ಲೂಕಿನ ಮರಗೂರಿನಲ್ಲಿ ಭೀಮಾಶಂಕರ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಸಿಂದಗಿ ಕಡೆಯೂ ಕಬ್ಬು ದೊಡ್ಡ ಬೆಳೆ. ದೇಶದ ಬಹುಪಾಲು ಬಿಳಿ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಶುದ್ಧಿ ಮಾಡಲು ಸುಣ್ಣದ ತಿಳಿ ಹಾಕಿ, ಗಂಧಕದ ಹೊಗೆ ಹಾಯಿಸುತ್ತಾರೆ. 74 ಗ್ರಾಂ ಅರಳಿದ ಸುಣ್ಣ, 64 ಗ್ರಾಂ ಗಂಧಕದ ಡೈಆಕ್ಸೈಡ್ ಕೂಡಿ 120 ಗ್ರಾಂ ಕ್ಯಾಲ್ಸಿಯಂ ಸಲ್ಫೈಟ್, 18 ಗ್ರಾಂ ನೀರು. ಕರಗದ ಈ ಸಲ್ಫೈಟ್ ಕಸವನ್ನು ಹಿಡಿದುಕೊಂಡು ತಳಕ್ಕಿಳಿಯುತ್ತದೆ.

ಸಕ್ಕರೆ ಇಥೆನಾಲ್ ಆಗುವ ಲೆಕ್ಕ ಇದಕ್ಕಿಂತ ಸ್ವಾರಸ್ಯದ್ದು, ಯಾಕೆಂದರೆ ಇಲ್ಲಿ ಕಾಗದದ ಮೇಲಿನ ಅಂಕಿಗೂ ಪೀಪಾಯಿಯ ಅಂಕಿಗೂ ವ್ಯತ್ಯಾಸ ಎದ್ದು ಕಾಣುತ್ತದೆ.

1 ಸಕ್ಕರೆ + 1 ನೀರು → 4 ಇಥೆನಾಲ್ + 4 ಇಂಗಾಲದ ಡೈಆಕ್ಸೈಡ್

ಎಡಕ್ಕೆ 342 ಮತ್ತು 18, ಒಟ್ಟು 360. ಬಲಕ್ಕೆ ನಾಲ್ಕು ಸಲ 46, ನಾಲ್ಕು ಸಲ 44. 184 ಮತ್ತು 176, ಅದೂ 360. ಒಂದು ಟನ್ ಸಕ್ಕರೆಯಿಂದ ಸೈದ್ಧಾಂತಿಕವಾಗಿ 538 ಕಿಲೋ ಇಥೆನಾಲ್. ಇಥೆನಾಲ್ ನೀರಿಗಿಂತ ಹಗುರ, ಲೀಟರಿಗೆ 789 ಗ್ರಾಂ. ಹಾಗಾಗಿ 682 ಲೀಟರ್. ಸಕ್ಕರೆಯ ಹೆಚ್ಚುಕಡಿಮೆ ಅರ್ಧ ತೂಕ ಗುಳ್ಳೆಯಾಗಿ ಗಾಳಿಗೆ ಹೋಗಲೇಬೇಕು. ಯಾವ ಯಂತ್ರವೂ ಅದನ್ನು ತಡೆಯಲಾರದು. ಹುದುಗುವಿಕೆಯ ಸಮೀಕರಣವನ್ನು ಫ್ರಾನ್ಸಿನ ಗೇ-ಲುಸಾಕ್ 1815ರಲ್ಲೇ ಬರೆದಿದ್ದ. ಪಾಶ್ಚರ್ ಮುಂದೆ ಸೂಕ್ಷ್ಮವಾಗಿ ಅಳೆದು ನೋಡಿದಾಗ ಸಕ್ಕರೆಯ ಒಂದು ಸಣ್ಣ ಪಾಲು ಗ್ಲಿಸರಾಲ್, ಸಕ್ಸಿನಿಕ್ ಆಮ್ಲವಾಗಿ ಬೇರೆ ದಾರಿ ಹಿಡಿಯುವುದು ಕಂಡಿತು. ಯೀಸ್ಟ್ ಜೀವಿ, ತನ್ನ ಮೈ ಬೆಳೆಸಿಕೊಳ್ಳಲೂ ಒಂದಿಷ್ಟು ಸಕ್ಕರೆ ಬಳಸುತ್ತದೆ.

ಕಾಕಂಬಿಯನ್ನೇ ತೆಗೆದುಕೊಂಡರೆ ಲೆಕ್ಕ ಹೀಗೆ ನಡೆಯುತ್ತದೆ. ಒಂದು ಟನ್ ಕಾಕಂಬಿಯಲ್ಲಿ ಹುದುಗುವ ಸಕ್ಕರೆ ಗ್ಲೂಕೋಸ್ ಲೆಕ್ಕದಲ್ಲಿ ಶೇ 40 ಇದೆ ಎನ್ನೋಣ. 180 ಗ್ರಾಂ ಗ್ಲೂಕೋಸಿಗೆ 92 ಗ್ರಾಂ ಇಥೆನಾಲ್, ಹಾಗಾದರೆ 400 ಕಿಲೋಗೆ ಸುಮಾರು 204 ಕಿಲೋ, ಅಂದರೆ 259 ಲೀಟರ್. ಭಟ್ಟಿ ಇಳಿಸಿದ ಮೇಲೆ 225 ಲೀಟರ್ ಸಿಕ್ಕರೆ ಇಳುವರಿ ಶೇ 87. ಹೊಲದ ಇಳುವರಿಯನ್ನು ಎಕರೆಯ ಮೇಲೆ ಅಳೆಯುತ್ತಾರೆ. ರಸಾಯನದ ಇಳುವರಿಯನ್ನು ಸಮೀಕರಣ ಕೊಟ್ಟ ಗರಿಷ್ಠದ ಮೇಲೆ ಅಳೆಯುತ್ತಾರೆ. ನೂರಕ್ಕೆ ನೂರು ಮೀರಿದ ಇಳುವರಿ ಯಾರಾದರೂ ತೋರಿಸಿದರೆ ತಕ್ಕಡಿಯಲ್ಲೋ ಸಮೀಕರಣದಲ್ಲೋ ದೋಷವಿದೆ, ಇಲ್ಲವೇ ತೂಗಿದ ಪದಾರ್ಥ ಇನ್ನೂ ಒದ್ದೆಯಿದೆ.

ಜಿಲ್ಲೆಯ ಅತಿ ದೊಡ್ಡ ರಾಸಾಯನಿಕ ಕ್ರಿಯೆ ನಡೆಯುವುದು ಕೂಡಗಿಯಲ್ಲಿ. ಹಿಂದಿನ ಬಸವನಬಾಗೇವಾಡಿ ತಾಲ್ಲೂಕಿನ ಈ ಊರಿನ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳದು, ಒಟ್ಟು 2,400 ಮೆಗಾವ್ಯಾಟ್. ಇಂಗಾಲ 12, ಅದರಿಂದ ಹುಟ್ಟುವ ಡೈಆಕ್ಸೈಡ್ 44. ಒಂದು ಟನ್ ಕಲ್ಲಿದ್ದಲಿನಲ್ಲಿ 400 ಕಿಲೋ ಇಂಗಾಲ ಇದ್ದರೆ ಚಿಮಣಿಯಿಂದ ಹೊರಡುವ ಇಂಗಾಲದ ಡೈಆಕ್ಸೈಡ್ ಸುಮಾರು 1,467 ಕಿಲೋ. ಸುಟ್ಟ ಕಲ್ಲಿದ್ದಲಿಗಿಂತ ಹೊಗೆಯೇ ಭಾರ. ಕೇಳಿದವರು ನಂಬದಿದ್ದರೆ ತಪ್ಪಿಲ್ಲ, ಅದರಲ್ಲಿ 1,067 ಕಿಲೋ ಗಾಳಿಯ ಆಮ್ಲಜನಕದ್ದು ಎಂದು ತಿಳಿದ ಮೇಲೆ ನಂಬಲೇಬೇಕು. ಅದೇ ಟನ್ನಿನಲ್ಲಿ ಶೇ ಅರ್ಧದಷ್ಟು ಗಂಧಕವಿದ್ದರೆ 5 ಕಿಲೋ ಗಂಧಕ, 10 ಕಿಲೋ ಗಂಧಕದ ಡೈಆಕ್ಸೈಡ್. ಅದನ್ನು ಹೊಗೆಯಿಂದ ತೊಳೆದು ತೆಗೆಯಲು ಉಷ್ಣ ಸ್ಥಾವರಗಳಲ್ಲಿ ಬಳಸುವ ವಿಧಾನಗಳಲ್ಲಿ ಮುಖ್ಯವಾದದ್ದು ಸುಣ್ಣಕಲ್ಲಿನ ಪುಡಿ ಕಲಸಿದ ನೀರು.

2 ಸುಣ್ಣಕಲ್ಲು + 2 ಗಂಧಕದ ಡೈಆಕ್ಸೈಡ್ + 1 ಆಮ್ಲಜನಕ + 4 ನೀರು → 2 ಜಿಪ್ಸಂ + 2 ಇಂಗಾಲದ ಡೈಆಕ್ಸೈಡ್

ಎರಡೂ ಕಡೆ 432. 10 ಕಿಲೋ ಗಂಧಕದ ಡೈಆಕ್ಸೈಡಿಗೆ 15.6 ಕಿಲೋ ಶುದ್ಧ ಸುಣ್ಣಕಲ್ಲು ಬೇಕು, 26.9 ಕಿಲೋ ಜಿಪ್ಸಂ ಹುಟ್ಟುತ್ತದೆ. ಒಂದು ಅನಿಲವನ್ನು ಹಿಡಿದಾಗ ಇನ್ನೊಂದು ಅನಿಲ, ಸುಮಾರು 6.9 ಕಿಲೋ ಇಂಗಾಲದ ಡೈಆಕ್ಸೈಡ್, ಹೊರಬೀಳುವುದನ್ನೂ ಸಮೀಕರಣ ಮರೆಮಾಚುವುದಿಲ್ಲ.

ಈವರೆಗಿನದೆಲ್ಲ ಹಾಕಿದ್ದು ಗೊತ್ತಿದ್ದು ಬರುವುದನ್ನು ಹೇಳುವ ಲೆಕ್ಕ. ಸಮೀಕರಣವನ್ನು ತಿರುಗಿಸಿ, ಖರ್ಚಾದದ್ದನ್ನು ಅಳೆದು ಮೊದಲು ಎಷ್ಟಿತ್ತು ಎಂದು ಹೇಳುವುದೂ ಸಾಧ್ಯ. ಭೌಗೋಳಿಕ ಸೂಚಿ ಮಾನ್ಯತೆ ಪಡೆದಿರುವ ಇಂಡಿ ಲಿಂಬೆಯ ಹುಳಿಯನ್ನು ಅಳೆಯುವುದು ಹೀಗೆ. ಲಿಂಬೆರಸದ ಹುಳಿ ಬಹುಪಾಲು ಸಿಟ್ರಿಕ್ ಆಮ್ಲದ್ದು. ಅದರ ಒಂದು ಮೋಲ್ 192 ಗ್ರಾಂ, ಒಂದೊಂದು ಅಣುವಿಗೂ ಮೂರು ಕ್ಷಾರದ ಅಣುಗಳನ್ನು ಮುರಿಯುವ ಶಕ್ತಿಯಿದೆ.

1 ಸಿಟ್ರಿಕ್ ಆಮ್ಲ + 3 ಕಾಸ್ಟಿಕ್ ಸೋಡಾ → 1 ಸೋಡಿಯಂ ಸಿಟ್ರೇಟ್ + 3 ನೀರು

ಲೀಟರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ನೀರಿನ ಪ್ರತಿ ಮಿಲಿಲೀಟರು 6.4 ಮಿಲಿಗ್ರಾಂ ಸಿಟ್ರಿಕ್ ಆಮ್ಲಕ್ಕೆ ಸಮ. 5 ಮಿಲಿಲೀಟರ್ ರಸಕ್ಕೆ ನೀರು ಬೆರೆಸಿ, ಫೀನಾಲ್ಫ್ಥಲೀನ್ ಎರಡು ಹನಿ ಹಾಕಿ, ಬ್ಯೂರೆಟ್ಟಿನಿಂದ ಈ ದ್ರಾವಣವನ್ನು ತೊಟ್ಟಿಕ್ಕುತ್ತ ಹೋದರೆ ಆಮ್ಲ ಮುಗಿದ ಹನಿಗೆ ತೆಳು ಗುಲಾಬಿ ಬಣ್ಣ ನಿಲ್ಲುತ್ತದೆ. ಅಷ್ಟರಲ್ಲಿ 47 ಮಿಲಿಲೀಟರ್ ಖರ್ಚಾಗಿದ್ದರೆ ಆಮ್ಲ ಸುಮಾರು 300 ಮಿಲಿಗ್ರಾಂ. ರಸದ ಹುಳಿ 100 ಮಿಲಿಲೀಟರಿಗೆ 6 ಗ್ರಾಂ. ಸೋಡಾದ ಮುಂದಿನ ಆ 3ನ್ನು ಮರೆತು ಒಂದಕ್ಕೆ ಒಂದು ಎಂದು ಹಿಡಿದವರಿಗೆ ಅದೇ ರಸ 18 ಗ್ರಾಂ ತೋರಿಸುತ್ತದೆ. ಅಷ್ಟು ಹುಳಿಯ ಲಿಂಬೆ ಇಂಡಿಯಲ್ಲೂ ಬೆಳೆಯುವುದಿಲ್ಲ.